ಸಾಹೇಬರು ರಜೆ, ಬೇರಿಂಗ್ ಪೆಂಡಿಂಗ್
ದಾವಣಗೆರೆಯಲ್ಲಿ ಮೆಕ್ಕೆಜೋಳದ ಸೀಸನ್ ಜೋರಾಗಿರುವಾಗಲೇ ಕಾಳು ಒಣಗಿಸೋ ನಮ್ಮ ಡ್ರೈಯರ್‌ನ ಬೇರಿಂಗ್ ಹೋಯ್ತು. ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಸಿಗುತ್ತೆ, ಹುಡುಗನನ್ನು ಕಳಿಸಿದರೆ ಆಯ್ತು. ಆದರೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಇಂಡೆಂಟ್ (ಸಾಮಾನು ಬೇಕು ಅನ್ನೋ ಬೇಡಿಕೆ) ಹಾಕಬೇಕು, ಅದು ಸ್ಟೋರ್ಸ್‌ಗೆ, ಅಲ್ಲಿಂದ ಅಕೌಂಟ್ಸ್‌ಗೆ, ಆಮೇಲೆ ಬೆಂಗಳೂರಿನ ಸಾಹೇಬರ ಅಪ್ರೂವಲ್‌ಗೆ ಹೋಗಬೇಕು. ಸಾಹೇಬರು ರಜೆ. ಮುಗೀತು ಕಥೆ! ಇಂಥ ಕೆಲಸದ ಹಾದಿಯನ್ನು ಚಿತ್ರದಲ್ಲಿ ಬರೆಯೋಕೆ ಬಿಪಿಎಂಎನ್ ಅಂತ ಒಂದು ಪದ್ಧತಿ ಇದೆ, 2011ರಲ್ಲಿ ಬಂದ ಅದರ 2.0 ಆವೃತ್ತಿಯಲ್ಲಿ ಟೈಮರ್‌ಗೇ ಒಂದು ಚಿಹ್ನೆ ಇದೆ: ಇಷ್ಟು ಹೊತ್ತಾದರೂ ಒಪ್ಪಿಗೆ ಬರದಿದ್ದರೆ ಮುಂದಿನವರಿಗೆ ಹೋಗಲಿ ಅಂತ. ನಮ್ಮ ಸಾಫ್ಟ್‌ವೇರ್‌ನಲ್ಲಿ ಆ ಟೈಮರ್ ಯಾರೂ ಇಟ್ಟೇ ಇಲ್ಲ. (ದುಡ್ಡು ಮಾತ್ರ ಜಾಸ್ತಿನೇ ಕೊಟ್ಟಿದ್ದಾರೆ.) ಕೊನೆಗೆ ಮ್ಯಾನೇಜರ್ ವಾಟ್ಸಾಪ್‌ನಲ್ಲಿ ‘ಸುಮ್ನೆ ತಗೊಂಡು ಬನ್ನಿ, ಎಂಟ್ರಿ ಆಮೇಲೆ ಮಾಡೋಣ’ ಅಂದರು. ಹಾಗಾದ್ರೆ ಈ ಸಾಫ್ಟ್‌ವೇರ್ ಯಾಕೆ ಬೇಕಿತ್ತು ಸ್ವಾಮಿ?