ಸ್ಪಷ್ಟನೆ: ಗೂಗಲ್ ಸ್ಕಾಲರ್‌ನಲ್ಲಿ ಸಿಕ್ಕಿದ್ದೆಲ್ಲ ಪರಿಶೀಲಿತವಲ್ಲ

‘ಗೂಗಲ್ ಸ್ಕಾಲರ್‌ನಲ್ಲಿ ಸಿಗುವುದೆಲ್ಲ ತಜ್ಞರು ಪರಿಶೀಲಿಸಿದ ಸಂಶೋಧನೆ, ಮೊದಲು ಕಾಣುವುದೇ ಹೊಸದು’ ಎಂಬ ಸಂದೇಶ ಬಾಗಲಕೋಟೆಯ ದಾಳಿಂಬೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು. ಸಂಶೋಧನಾ ಬರಹಗಳನ್ನು ಹುಡುಕಿಕೊಡುವ, 2004ರಲ್ಲಿ ಆರಂಭವಾದ ಈ ಶೋಧಕದಲ್ಲಿ ಪಿಎಚ್‌.ಡಿ. ಮಹಾಪ್ರಬಂಧ, ಪುಸ್ತಕ, ಪರಿಶೀಲನೆಯಾಗದ ಕರಡು ಎಲ್ಲವೂ ಬರುತ್ತವೆ; ಹೆಚ್ಚು ಉಲ್ಲೇಖಗೊಂಡ ಹಳೆಯ ಲೇಖನ ಮೇಲೆಯೇ ಕುಳಿತಿರುವುದುಂಟು. ಹೊಸದು ಬೇಕಿದ್ದರೆ ಪಕ್ಕದಲ್ಲಿ ವರ್ಷ ಆಯ್ದುಕೊಳ್ಳಬೇಕು.

ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಬಗ್ಗೆ ಹುಡುಕುವವರು ಬರೀ ‘ದಾಳಿಂಬೆ ರೋಗ’ ಎಂದರೆ ಸಾಲದು. ದಾಳಿಂಬೆಯ ಜೊತೆಗೆ ಈ ರೋಗದ ಇಂಗ್ಲಿಷ್ ಹೆಸರಾದ ‘ಬ್ಯಾಕ್ಟೀರಿಯಲ್ ಬ್ಲೈಟ್’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಉದ್ಧರಣ ಚಿಹ್ನೆಯೊಳಗಿಡಿ, ಜೊತೆಗೆ ರೋಗಾಣುವಿನ ಹೆಸರು ‘ಕ್ಸಾಂಥೊಮೊನಾಸ್’ ಸೇರಿಸಿ. ರಾಶಿ ತೂರಿದಂತೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಉಳಿದ ಕಾಳಿನಲ್ಲೂ ಕಲ್ಲಿರಬಹುದು: ಯಾವ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಗಿದೆ ಎಂದು ನೋಡದೆ ಔಷಧಿ ಸಿಂಪಡಿಸಲು ಹೊರಡಬೇಡಿ.