ಫ್ರೆಂಚ್ ಗುಣವಾಚಕಗಳು: ಇಂಗ್ಲಿಷನ್ನು ತಿರುಗಿಸಿದರೆ ಸಾಲದು

ಫ್ರೆಂಚ್ ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸೂತ್ರ ಓಡಾಡುತ್ತಿದೆ: 'ಗುಣವಾಚಕಗಳೆಲ್ಲ ನಾಮಪದದ ನಂತರವೇ; ಇಂಗ್ಲಿಷ್ ಕ್ರಮವನ್ನು ತಿರುಗಿಸಿದರೆ ಸಾಕು.' ಇದು ತಪ್ಪು. ಪರೀಕ್ಷೆಗೆ ಕೂರುವವರು ದಯವಿಟ್ಟು ನಂಬಬೇಡಿ.

'ಚಂದದ ಪುಟ್ಟ ಬಿಳಿ ಮನೆ' ಫ್ರೆಂಚಿನಲ್ಲಿ 'ಯುನ್ ಜೊಲಿ ಪೆತೀತ್ ಮೆಜೋಂ ಬ್ಲಾಂಶ್'. ಮೆಜೋಂ ಅಂದರೆ ಮನೆ. ಚಂದ, ಪುಟ್ಟ ಎರಡೂ ಅದಕ್ಕಿಂತ ಮೊದಲು ಬಂದಿವೆ, ಕನ್ನಡದ ಕ್ರಮದಲ್ಲೇ. ಬಣ್ಣ ಮಾತ್ರ ನಂತರ. ಅಂದ, ವಯಸ್ಸು, ಒಳ್ಳೆಯದು-ಕೆಟ್ಟದ್ದು, ಗಾತ್ರ ಹೇಳುವ ದಿನಬಳಕೆಯ ಕೆಲವು ಪದಗಳು ಸಾಮಾನ್ಯವಾಗಿ ಮೊದಲೇ ಬರುತ್ತವೆ. ಬಣ್ಣ, ಆಕಾರ, ದೇಶ ಸೂಚಿಸುವವು ನಂತರ.

ನಾಮಪದದ ನಂತರವೇ ಎರಡು ಬಂದಾಗ ತಿರುಗಿಸುವ ಸೂತ್ರ ಬಹುಮಟ್ಟಿಗೆ ಹೊಂದುತ್ತದೆ. ಫ್ರಾನ್ಸಿನ ವಿದೇಶಾಂಗ ನೀತಿ 'ಲಾ ಪೊಲಿತೀಕ್ ಎತ್ರಾಂಜೇರ್ ಫ್ರಾಂಸೇಜ್'. ನೀತಿಯ ಬಗೆ ಹೇಳುವ 'ಎತ್ರಾಂಜೇರ್' ನಾಮಪದಕ್ಕೆ ಅಂಟಿಕೊಂಡೇ ಇರುತ್ತದೆ, ದೇಶದ ಹೆಸರು ಆಮೇಲೆ. ಸೂತ್ರ ಹುಟ್ಟಿದ್ದು ಬಹುಶಃ ಇಲ್ಲಿಂದಲೇ.

ಜಾಗ ಬದಲಾದರೆ ಅರ್ಥವೇ ಬದಲಾಗುವ ಪದಗಳೂ ಇವೆ, ಇವನ್ನು ಬಾಯಿಪಾಠ ಮಾಡಲೇಬೇಕು. 'ಆಂಸಿಯೆನ್ ಮೆಜೋಂ' ಅಂದರೆ ಹಿಂದೆ ವಾಸವಿದ್ದ ಮನೆ. 'ಮೆಜೋಂ ಆಂಸಿಯೆನ್' ಅಂದರೆ ಹಳೇ ಕಾಲದ ಮನೆ.