ಅಂಗಡಿ ಮುಂದೆ ನಾಯಿ ಕಟ್ಟಿದ್ದಕ್ಕೆ

ಹಾಲು ತರಲು ಹೋದವನು ಬ್ರೌನಿಯನ್ನು ಅಂಗಡಿ ಮುಂದಿನ ಕಂಬಕ್ಕೆ ಕಟ್ಟಿ ಒಳಗೆ ಹೋದೆ. ಎರಡೇ ನಿಮಿಷ. ಹೊರಗೆ ಬಂದರೆ ಒಬ್ಬ ಬಿಳಿಯ ಅಜ್ಜಿ ಕಾವಲು ನಿಂತಿದ್ದಾರೆ. "ಮಗುವಾಗಿದ್ರೆ ಹೀಗೆ ಬಿಟ್ಟು ಹೋಗ್ತಿದ್ರಾ?" ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಇಲ್ಲಿ ಯಾರೂ ನನ್ನನ್ನು ಬೀದಿಯಲ್ಲಿ ಬೈದಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಬಗ್ಗಿ ಕೊರಳಿನ ಬಿಲ್ಲೆ ತಿರುಗಿಸಿ ನೋಡಿದರು. ಹೊರಗೆ ಕರೆದೊಯ್ಯುವಾಗ ಅದರಲ್ಲಿ ಯಜಮಾನನ ಹೆಸರು, ವಿಳಾಸ ಇರಲೇಬೇಕು. ನಾನು ಚಂದಕ್ಕೆ ನಾಯಿಯ ಹೆಸರನ್ನೂ ಬರೆಸಿದ್ದೆ. ಅದಕ್ಕೂ ಬೈಗುಳ. ಹೆಸರು ಹಿಡಿದು ಕರೆದರೆ ಬಾಲ ಆಡಿಸಿಕೊಂಡು ಕಳ್ಳನ ಹಿಂದೆಯೇ ಹೋಗುತ್ತದಂತೆ! ನಮ್ಮ ಕಡೆ ಒಂದು ಕಪ್ಪು ದಾರ ಕಟ್ಟಿದರೆ ಮುಗಿಯಿತು, ಅಲ್ವಾ?

ಇಂಗ್ಲೆಂಡಿನಲ್ಲಿ 2016ರಿಂದಲೇ ನಾಯಿಗೆ ಮೈಕ್ರೋಚಿಪ್ ಕಡ್ಡಾಯ. ಅಕ್ಕಿ ಕಾಳಿನಷ್ಟಿರುತ್ತದೆ, ಚರ್ಮದಡಿ ಕೂರಿಸುತ್ತಾರೆ. 2024ರ ಜೂನಿನಿಂದ ಬೆಕ್ಕಿಗೂ ಬೇಕು. ಅದೇ ಆಗಸ್ಟಿನಲ್ಲಿ ನಾಯಿ, ಬೆಕ್ಕು ಕದಿಯುವುದಕ್ಕೇ ಬೇರೆ ಕಾನೂನು ಜಾರಿಗೆ ಬಂತು. ಐದು ವರ್ಷದವರೆಗೆ ಜೈಲು. ಅಲ್ಲಿಯವರೆಗೆ ನಾಯಿ ಕದ್ದರೂ ಸೈಕಲ್ ಕದ್ದರೂ 1968ರ ಕಳ್ಳತನದ ಕಾಯ್ದೆಯೇ ಗತಿ. ಅದರಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದ್ದರೂ ನಾಯಿ ಬರೀ ಒಂದು ಸಾಮಾನು.

ಊರಲ್ಲಿ ಚಿಕ್ಕಮ್ಮನ ಪಾಮೇರಿಯನ್ ಕಾಣೆಯಾದಾಗ ಠಾಣೆಗೆ ನಾನೂ ಹೋಗಿದ್ದೆ. ಮೊದಲ ಪ್ರಶ್ನೆಯೇ "ಎಷ್ಟು ಕೊಟ್ಟು ತಂದಿದ್ರಿ?" ಸಂಬಂಧಿಕರು ಸುಮ್ನೆ ಕೊಟ್ಟ ಮರಿ ಅದು. "ಹಾಗಾದ್ರೆ ಬೆಲೆ ಏನಂತ ಬರ್ಕೊಳ್ಳಲಿ ಅಮ್ಮಾ? ಬರುತ್ತೆ ಬಿಡಿ." ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಬಂದರು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮನೆಯಲ್ಲೂ ನಕ್ಕವರೇ ಜಾಸ್ತಿ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಾಗಂತ ಇಲ್ಲಿನ ಚಿಪ್ ಏನೂ ನಾಯಿ ಎಲ್ಲಿದೆ ಅಂತ ಕೂಗಿ ಹೇಳುವುದಿಲ್ಲ. ಸಿಕ್ಕ ನಾಯಿಯ ಮೇಲೆ ಯಾರಾದರೂ ಸ್ಕ್ಯಾನರ್ ಆಡಿಸಿದರೆ ಮಾತ್ರ ಚಿಪ್ಪಿನ ನಂಬರ್ ಕಾಣುವುದು, ಅದರಿಂದ ಯಜಮಾನನ ಪತ್ತೆ.

ಇನ್ನೊಂದನ್ನೂ ಹೇಳಬೇಕು. ಚಿಕ್ಕಮ್ಮನ ಪಿಂಕಿ ಸಿಕ್ಕಿತು. ನಾಲ್ಕನೇ ದಿನ ಸೊಪ್ಪಿನ ಹೆಂಗಸು ಬುಟ್ಟಿ ಇಳಿಸುತ್ತಲೇ ಅಂದಳು, "ಅಕ್ಕಾ, ಕೆಳಗಿನ ಬೀದಿ ಮಹಡಿ ಮನೇಲಿ ನಿಮ್ ಪಿಂಕಿ ಬೊಗಳ್ತೈತೆ. ಅದರ ದನಿ ನಂಗೊತ್ತಿಲ್ವಾ?" ಚಿಕ್ಕಮ್ಮ ಹೋಗಿ ಎತ್ತಿಕೊಂಡು ಬಂದರು, ಅವಳಿಗೆ ಒಂದು ಸೀರೆ ಕೊಟ್ಟರು. ದೂರು ಕೊಡೋಣ ಅಂದೆ. "ಬಿಡೋ, ಪರಿಚಯದವರು" ಅಂದರು.